ದೇರಳಕಟ್ಟೆ ಫ್ಲ್ಯಾಟ್: ನಾನು 38 ಅಂದೆ, ಅವರು 44.5 ಅಂತಾರೆ. ಈಗ ಎಷ್ಟು ಹೇಳಲಿ?

ಹೊಸ ಗಿರಾಕಿ:
ಬಾಡಿಗೆಗೆ ಕೊಡಲಿಕ್ಕೆ ಅಂತ ಮಂಗಳೂರು ಹತ್ತಿರದ ದೇರಳಕಟ್ಟೆಯಲ್ಲಿ ಒಂದು 2 ಬಿಎಚ್‌ಕೆ ನೋಡಿದ್ದೇನೆ. ಹತ್ತು ವರ್ಷ ಹಳೆಯದು, ಕೊನೆಯ ಮಹಡಿ, ಓನರ್ ದುಬೈಯಲ್ಲಿದ್ದಾರೆ. ಈಗ ಮೆಡಿಕಲ್ ಓದುವ ಮಕ್ಕಳಿದ್ದಾರೆ, ಬಾಡಿಗೆ 15,000. ಓನರ್ ಹೇಳಿದ್ದು 46 ಲಕ್ಷ, ನಾನು 38 ಅಂದೆ. ಮೂರು ದಿನ ಸುದ್ದಿ ಇಲ್ಲ. ಆಮೇಲೆ ಬ್ರೋಕರ್ ಫೋನ್ ಮಾಡಿ "44.5, ಲಾಸ್ಟ್. ಬೇರೆ ಪಾರ್ಟಿ ಉಂಟು, ನಾಳೆ ಟೋಕನ್ ಅಡ್ವಾನ್ಸ್ ಕೊಡ್ತಾರೆ" ಅಂದರು. ಮಧ್ಯದಲ್ಲಿ 41 ಅಂತ ಹೇಳಿ ಮುಗಿಸಿಬಿಡಲಾ? ಅಮ್ಮ ಆಟಿ (ಶುಭ ಕೆಲಸಕ್ಕೆ ಆಗದು ಅನ್ನುವ ಮಳೆಗಾಲದ ತುಳು ತಿಂಗಳು) ಮುಗಿಯಲಿ ಅಂತಾರೆ.

ತೊಕ್ಕೊಟ್ಟು ಮಾಮ:
ಅಮ್ಮನ ಮಾತು ಕೇಳಿ! ಆಟಿಯಲ್ಲಿ ನಮ್ಮೂರಲ್ಲಿ ಎಷ್ಟು ಜನ ಟೋಕನ್ ಕೊಡ್ತಾರೆ ಮಾರಾಯ್ರೆ? ಆ "ಬೇರೆ ಪಾರ್ಟಿ" ನನ್ನ ಮೂರು ಡೀಲ್‌ಗಳಲ್ಲೂ ಇದ್ದರು, ಒಮ್ಮೆಯೂ ಮುಖ ನೋಡಲಿಲ್ಲ.

ಮೊದಲು ಲೆಕ್ಕ ಹಾಕಿ. 42ಕ್ಕೆ ತಗೊಂಡರೂ ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಸುಮಾರು 5.6%, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2%. ಅಲ್ಲಿಗೆ ಇನ್ನೊಂದು 3.2 ಲಕ್ಷ. ರಜೆಯಲ್ಲಿ ಎರಡು ತಿಂಗಳು ಮನೆ ಖಾಲಿ ಬಿದ್ದರೆ ಬಾಡಿಗೆ ಬರುವುದು 1.5 ಲಕ್ಷ. ಮೇಂಟೆನೆನ್ಸ್ ತಿಂಗಳಿಗೆ 2,000 ಅಂತ ಹಿಡಿದು ಕಳೆದರೆ 1.26. ಅಂದರೆ ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ 2.8ರ ಹತ್ತಿರ. ಇದು ನಿಮಗೆ ಸಾಕಾ? ಸಾಕಾಗದಿದ್ದರೆ 41 ಕೂಡ ಜಾಸ್ತಿಯೇ. ಸುಮ್ನೆ ಮಧ್ಯಕ್ಕೆ ಬರಬೇಡಿ, ನಿಮ್ಮ ಕೊನೆಯ ರೇಟು ಒಂದು ಚೀಟಿಯಲ್ಲಿ ಬರೆದಿಡಿ.

ಉಡುಪಿಯಿಂದ:
ಓನರ್ ಎನ್‌ಆರ್‌ಐ ಅನ್ನುವುದೇ ಇಲ್ಲಿ ದೊಡ್ಡ ವಿಷಯ, ಅದನ್ನು ಯಾರೂ ಹೇಳಲಿಲ್ಲ. 50 ಲಕ್ಷದ ಒಳಗೆ ಟಿಡಿಎಸ್ (ಮಾರುವವರ ತೆರಿಗೆಯನ್ನು ಕೊಳ್ಳುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವುದು) ಇಲ್ಲ ಅಂತ ಬ್ರೋಕರ್ ಹೇಳಬಹುದು. ಅದು ಇಲ್ಲೇ ಇರುವ ಮಾಲೀಕರಿಗೆ. ಎನ್‌ಆರ್‌ಐ ಆದರೆ ಆ ಮಿತಿ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಫ್ಲ್ಯಾಟ್ ಆದರೆ 12.5%, ಸೆಸ್ ಸೇರಿ 13% ನೀವೇ ಹಿಡಿದು ಕಟ್ಟಬೇಕು. 42ಕ್ಕೆ ಅದು ಸುಮಾರು 5.46 ಲಕ್ಷ. ಹಿಡಿಯದಿದ್ದರೆ ನೋಟಿಸ್ ಬರುವುದು ನಿಮಗೆ. ಅವರಿಗೆ ಲಾಭ ಕಮ್ಮಿ ಇದ್ದರೆ ಇನ್‌ಕಮ್ ಟ್ಯಾಕ್ಸ್‌ನಿಂದ ಕಮ್ಮಿ ಟಿಡಿಎಸ್‌ನ ಸರ್ಟಿಫಿಕೇಟ್ ತರಬಹುದು, ಆದರೆ ಅದಕ್ಕೆ ಸಮಯ ಬೇಕು. "ಸರ್ಟಿಫಿಕೇಟ್ ಬರುವ ತನಕ ಕಾಯ್ತೇನೆ, ರೇಟು 40" ಅಂತ ಹೇಳಿ ನೋಡಿ. ಕಾಯುವುದಕ್ಕೆ ನಿಮಗೆ ಖರ್ಚಿಲ್ಲ, ಆದರೆ ನೀವು ಕಾಯುವುದಕ್ಕೆ ಅವರ ಕಣ್ಣಲ್ಲಿ ಬೆಲೆ ಉಂಟು.

ಕ್ಯಾಶ್‌ನಲ್ಲಿ ಅಡ್ವಾನ್ಸ್ ಕೇಳಿದರೆ ಬೇಡ ಅನ್ನಿ. 20,000 ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಾನೂನು ಒಪ್ಪುವುದಿಲ್ಲ.

ತೊಕ್ಕೊಟ್ಟು ಮಾಮ:
ಟಿಡಿಎಸ್ ಮಾತು ನೂರಕ್ಕೆ ನೂರು ಸರಿ, ನಾನು ಮರೆತೆ. ಇನ್ನೊಂದು. ಕೊನೆಯ ಮಹಡಿ ಅಂದಿರಿ ಅಲ್ವಾ, ಮಳೆ ಜೋರು ಬರುವಾಗಲೇ ಹೋಗಿ. ನಾನು ಫೆಬ್ರವರಿಯಲ್ಲಿ ನೋಡಿ ತಗೊಂಡೆ, ಹೊಸ ಪೇಂಟ್, ಚಂದ ಇತ್ತು. ಜೂನ್‌ನಲ್ಲಿ ಕಪಾಟಿನ ಹಿಂದೆ ಪಶ್ಚಿಮದ ಗೋಡೆ ಪೂರ್ತಿ ಪಾಚಿ ಹಿಡಿದು ಹಸಿರು. ವಾಟರ್‌ಪ್ರೂಫಿಂಗ್‌ಗೆ ಒಂದೂವರೆ ಲಕ್ಷ ಹೋಯ್ತು, ಬೈಗುಳ ಬೇರೆ.

ಹೊಸ ಗಿರಾಕಿ:
ನಿನ್ನೆ ಮಳೆಯಲ್ಲೇ ಹೋದೆ. ಮಕ್ಕಳು ಬಾಗಿಲು ತೆಗೆದರು. ಬೆಡ್‌ರೂಮ್ ಮೂಲೆಯಲ್ಲಿ ಬಕೆಟ್ ಇಟ್ಟಿದ್ದಾರೆ! ಕೇಳಿದರೆ "ಅದು ಯಾವಾಗಲೂ ಇರ್ತದೆ ಅಂಕಲ್" ಅಂತ. ಫೋಟೋ ತೆಗೆದು ಬ್ರೋಕರ್‌ಗೆ ಕಳಿಸಿ, 39.5, ಟಿಡಿಎಸ್ ಸರ್ಟಿಫಿಕೇಟಿಗೆ ಎರಡು ತಿಂಗಳು ಕಾಯ್ತೇನೆ ಅಂದೆ. ಇವತ್ತು ಓನರ್ ತಾವೇ ವಾಟ್ಸಾಪ್ ಕಾಲ್ ಮಾಡಿದರು. 41, ರಿಪೇರಿ ನಿಮ್ಮದು, ಫ್ರಿಜ್ ಮತ್ತು ಎರಡು ಎಸಿ ಬಿಟ್ಟು ಹೋಗ್ತೇನೆ ಅಂತಾರೆ. "ಲಾಸ್ಟ್" ಅಂದವರು ಮೂರೂವರೆ ಲಕ್ಷ ಇಳಿದರು. ಚೀಟಿಯಲ್ಲಿ ಬರೆದದ್ದು 40. ಎಸಿ ಎಷ್ಟು ಹಳೆಯದು ಅಂತ ಕೇಳಿದ್ದೇನೆ.