ನನ್ನ ತೊನ್ನು ಅಣ್ಣನಿಗೆ ಅಂಟಿತಂತೆ! ಮೆಲನೋಮ ಲಸಿಕೆ, ಬಿಳಿ ಕಲೆಗಳ ಬಗ್ಗೆ ತಿಳಿದವರು ಹೇಳಿ

ಅಘನಾಶಿನಿ ಅಕ್ಕೋರು:

ನಾನು ಕುಮಟಾ ತಾಲೂಕಿನವಳು. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ಇಪ್ಪತ್ತಾರನೆಯ ವಯಸ್ಸಿಗೆ ತೊನ್ನು ಕಾಣಿಸಿಕೊಂಡಿತು. ಈಗ ಎರಡೂ ಕೈಗಳು ಮಣಿಕಟ್ಟಿನವರೆಗೆ ಬಿಳಿ. ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಬಂದ ಒಂದು ಮಗುವಾದರೂ "ಅಕ್ಕೋರೇ, ನಿಮ್ಮ ಕೈಗೆ ಸೀಮೆಸುಣ್ಣ ಹತ್ತಿದೆ" ಎನ್ನುತ್ತಿತ್ತು. ಒಬ್ಬ ಹುಡುಗ ಪಾಟಿ ಒರೆಸುವ ಒದ್ದೆ ಬಟ್ಟೆ ತಂದು ಉಜ್ಜಿಯೂ ನೋಡಿದ. ಮಕ್ಕಳ ಮಾತು ನನಗೆ ಎಂದೂ ಚುಚ್ಚಲಿಲ್ಲ. ಮದುವೆ ಮನೆಯಲ್ಲಿ ಬಡಿಸಲು ಸೌಟು ಹಿಡಿದರೆ "ನೀನು ಕುಳಿತುಕೋ, ದಣಿದಿದ್ದೀಯೆ" ಎಂದು ಕೈಯಿಂದ ಕಿತ್ತುಕೊಳ್ಳುವ ದೊಡ್ಡವರ ಉಪಚಾರ ಮಾತ್ರ ಇವತ್ತಿಗೂ ಮೈ ಉರಿಸುತ್ತದೆ.

ಈಗ ಕೇಳಬೇಕಾದದ್ದು ಅಣ್ಣನ ವಿಷಯ. ಅವನಿಗೆ ಅರವತ್ತೆಂಟು. ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದು, ನೀರಿಳಿದಾಗ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ತೆಗೆದು ಬದುಕಿದವನು. ಚಪ್ಪಲಿ ಮೆಟ್ಟುತ್ತಿದ್ದದ್ದು ಮದುವೆಗೆ ಮತ್ತು ಮತ ಹಾಕುವುದಕ್ಕೆ. ಎರಡು ವರ್ಷದ ಹಿಂದೆ ಎಡ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಕಂಡಿತು. ಚಿಪ್ಪು ಚುಚ್ಚಿ ರಕ್ತ ಕಟ್ಟಿದೆ ಎಂದ. ಆಮೇಲೆ ಆಣಿ ಎಂದ. ಜಗಲಿಯಲ್ಲಿ ಕುಳಿತು ದಾಡಿ ಮಾಡುವ ಬ್ಲೇಡಿನಿಂದ ತಾನೇ ಕೆತ್ತಿಕೊಳ್ಳುತ್ತಿದ್ದ. ಕೆತ್ತಿದಷ್ಟೂ ಅದರ ಅಂಚು ಒದ್ದೆ ಕಾಗದದ ಮೇಲೆ ಮಸಿ ಬಿದ್ದಂತೆ ಹರಡುತ್ತಾ ಹೋಯಿತು. ಕೊನೆಗೆ ತುಣುಕು ತೆಗೆದು ಪರೀಕ್ಷೆ ಮಾಡಿಸಿದಾಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದರು. ಶಸ್ತ್ರಚಿಕಿತ್ಸೆಯಾಯಿತು. ತೊಡೆಸಂದಿನ ಒಂದು ಗಂಟಿನಲ್ಲೂ ಇತ್ತು. ಈಗ ಮೂರು ವಾರಕ್ಕೊಮ್ಮೆ ಘಟ್ಟ ಹತ್ತಿ ಹೋಗಿ, ಮೈಯ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಸೂಜಿ ಹಾಕಿಸಿಕೊಂಡು ಬರುತ್ತಾನೆ.

ಐದನೆಯ ಸೂಜಿಯ ನಂತರ ಅವನ ಕುತ್ತಿಗೆಯಲ್ಲಿ, ಕೆನ್ನೆಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಗಳು ಎದ್ದಿವೆ. ಬಲಹುಬ್ಬಿನ ಅರ್ಧ ಬೆಳ್ಳಗಾಗಿದೆ. ಅತ್ತಿಗೆಯ ಅಕ್ಕ ಊರೆಲ್ಲ ಹೇಳಿಕೊಂಡು ಬಂದಳು, ತಂಗಿಯ ಮನೆಯಲ್ಲಿ ಉಂಡು ಉಂಡು ಅವಳದ್ದು ಇವನಿಗೆ ಅಂಟಿತು ಎಂದು. ಅತ್ತಿಗೆ ಅದನ್ನು ನಂಬಿದ್ದಾಳೆ. ನಂಬಿದವಳೇ ಸಂಜೆ ಬಂದು, ನಾನು ಹಚ್ಚಿಕೊಳ್ಳುವ ಮುಲಾಮಿನ ಟ್ಯೂಬನ್ನು ಅಣ್ಣನಿಗೂ ಕೊಡು ಎಂದು ಕೇಳಿದಳು!

ಇದು ಸೂಜಿಯಿಂದ ಆದದ್ದೇ? ಟ್ಯೂಬ್ ಕೊಡಲೇ? ಪುಣೆಯಲ್ಲಿರುವ ಅಣ್ಣನ ಮಗ ಮೆಲನೋಮಕ್ಕೆ ಲಸಿಕೆ ಬರುತ್ತಿದೆ ಎಂಬ ಸುದ್ದಿ ಕಳಿಸಿದ್ದಾನೆ, ಅದರಲ್ಲಿ ಹುರುಳಿದೆಯೇ? ನನ್ನನ್ನು ಕಾಡುತ್ತಿರುವುದು ಇನ್ನೊಂದು. ನನ್ನ ಮೈಯಲ್ಲಿ ಬಣ್ಣದ ಕೋಶಗಳನ್ನು ಕೊಲ್ಲುವ ಮೈಗಾವಲಿನವರನ್ನು ಮಲಗಿಸಲು ಮೂವತ್ತಾರು ವರ್ಷ ಮುಲಾಮು ಹಚ್ಚಿದ್ದೇನೆ. ಅಣ್ಣನ ಮೈಯಲ್ಲಿ ಅವರನ್ನೇ ಎಬ್ಬಿಸಲು ತೆಂಗಿನ ಹಿತ್ತಲು ಅಡವಿಟ್ಟಿದ್ದೇವೆ. ನಾಳೆ ನನಗೇ ಇಂಥ ಕಾಯಿಲೆ ಬಂದರೆ ಆ ಲಸಿಕೆ ನನ್ನಂಥವಳಿಗೆ ಮದ್ದೋ ವಿಷವೋ?

ಹೊನ್ನಾವರದ ಔಷಧ ಅಂಗಡಿ:

ಅಕ್ಕೋರೇ, ಟ್ಯೂಬ್ ಕೊಡಬೇಡಿ. ಅವರಿಗೆ ಏನು ಹಚ್ಚಬೇಕು, ಹಚ್ಚಬೇಕೋ ಬೇಡವೋ ಎಂಬುದನ್ನು ಸೂಜಿ ಕೊಡುತ್ತಿರುವ ಡಾಕ್ಟರೇ ಹೇಳಬೇಕು. ಚುಕ್ಕೆಗಳ ಫೋಟೊ ತೆಗೆದು ಇವತ್ತೇ ಕಳಿಸಿ.

ಬಿಳಿ ಚುಕ್ಕೆಗಿಂತ ನನಗೆ ಹೆದರಿಕೆ ಬೇರೆಯದ್ದಕ್ಕೆ. ಈ ಸೂಜಿ ಪಡೆಯುವವರಿಗೆ ಪದೇ ಪದೇ ಭೇದಿಯಾದರೆ, ಒಣಕೆಮ್ಮು ಅಥವಾ ಏದುಸಿರು ಬಂದರೆ, ಕಣ್ಣು ಹಳದಿಯಾದರೆ, ಹೇಳಲಾಗದಷ್ಟು ಸುಸ್ತಾದರೆ ಮುಂದಿನ ಸರದಿಯವರೆಗೆ ಕಾಯಬಾರದು. ಕರುಳು, ಶ್ವಾಸಕೋಶ, ಯಕೃತ್ತು, ಥೈರಾಯ್ಡ್ ಯಾವುದರ ಮೇಲೂ ಇದು ತಿರುಗಿ ಬೀಳಬಹುದು. ನಮ್ಮ ಕಡೆಯವರು ಭೇದಿಗೆ ದಾಳಿಂಬೆ ಸಿಪ್ಪೆಯ ಕಷಾಯ ಕುಡಿದು ಸುಮ್ಮನಿದ್ದುಬಿಡುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ.

ರಷ್ಯಾದಿಂದ ಉಚಿತ ಲಸಿಕೆ ಎಂದು ವಾಟ್ಸಾಪಿನಲ್ಲಿ ಓಡಾಡುವುದನ್ನು ತೋರಿಸಿ ನನ್ನ ಅಂಗಡಿಯಲ್ಲೂ ಕೇಳುತ್ತಾರೆ. ಅದನ್ನು ತರಿಸಿಕೊಡುತ್ತೇನೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಶಿರಸಿಯ ತೋಟದವನು:

ಅಕ್ಕೋರೇ, ನಮಸ್ಕಾರ. ಬೆಂಗಳೂರಿನಲ್ಲಿ ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಂಟಿತು ಎಂಬುದು ಶುದ್ಧ ಸುಳ್ಳು. ತೊನ್ನಿನಲ್ಲಿ ಅಂಟುವುದಕ್ಕೆ ಕ್ರಿಮಿಯೇ ಇಲ್ಲ. ರೋಗದಿಂದ ಮೈ ಕಾಯುವ ನಿಮ್ಮದೇ ಟಿ-ಕೋಶಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ಅಷ್ಟೇ. ಮೆಲನೋಮ ಎಂದರೆ ಅದೇ ಬಣ್ಣದ ಕೋಶ ಕೆಟ್ಟು ಕ್ಯಾನ್ಸರ್ ಆದದ್ದು. ಕೆಟ್ಟರೂ ಮನೆತನದ ಗುರುತುಗಳು ಅದರಲ್ಲಿ ಬಹಳಷ್ಟು ಉಳಿದಿರುತ್ತವೆ: ಟೈರೊಸಿನೇಸ್, ಜಿಪಿ100, ಮಾರ್ಟ್-1 ಎಂಬ ಪ್ರೋಟೀನುಗಳು. ಕಳ್ಳನನ್ನು ಹುಡುಕಿ ಬಂದವರು ಅದೇ ಅಡ್ಡಹೆಸರಿನ ಪಕ್ಕದ ಮನೆಗೂ ನುಗ್ಗಿದರೆ ಅಣ್ಣನವರ ಹುಬ್ಬಿಗೆ ಆದದ್ದು ಆಗುತ್ತದೆ.

ನಮ್ಮ ತೋಟದಲ್ಲಿ ಮಂಗ ಓಡಿಸಲೆಂದೇ ಒಂದು ನಾಯಿ ಇದೆ. ಸರಪಳಿ ಬಿಚ್ಚಿದರೆ ಮಂಗವನ್ನೂ ಅಟ್ಟುತ್ತದೆ, ಕೊಟ್ಟಿಗೆಯ ಕರುವಿನ ಕಾಲಿಗೂ ಬಾಯಿ ಹಾಕುತ್ತದೆ. ಟಿ-ಕೋಶದ ಕೊರಳಲ್ಲಿ ಪಿಡಿ-1 ಎಂಬ ಸರಪಳಿ ಇರುತ್ತದೆ. ಕ್ಯಾನ್ಸರ್ ಕೋಶ ಅದನ್ನು ಜಗ್ಗಿ ಹಿಡಿದು ಬಚಾವಾಗುತ್ತದೆ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಎಂಬ ಔಷಧಗಳು ಆ ಹಿಡಿತ ತಪ್ಪಿಸುತ್ತವೆ. ಇಂಥ ಸರಪಳಿಗಳನ್ನು ಬಿಚ್ಚಿ ಕ್ಯಾನ್ಸರಿಗೆ ಮದ್ದು ಮಾಡುವ ದಾರಿ ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಮೆಲನೋಮಕ್ಕೆ ಇಮ್ಯುನೊಥೆರಪಿ ಪಡೆದವರಲ್ಲಿ ಬಿಳಿ ಕಲೆ ಎದ್ದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದನ್ನು ಬಹಳ ದಿನಗಳಿಂದ ಗಮನಿಸಿದ್ದಾರೆ. 2015ರಲ್ಲಿ 137 ಅಧ್ಯಯನಗಳ 5,737 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 3.4ರಷ್ಟು ಮಂದಿಗೆ ಕಲೆ ಕಾಣಿಸಿಕೊಂಡಿತ್ತು, ಮತ್ತು ಅವರಲ್ಲಿ ಕಾಯಿಲೆ ಬೆಳೆಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ಹಾಗೆಂದು ಮನೆಯಲ್ಲಿ ಸಿಹಿ ಹಂಚಬೇಡಿ. ಹೆಚ್ಚು ಕಾಲ ಬದುಕಿದವರಿಗೆ ಕಲೆ ಏಳಲು ಹೆಚ್ಚು ಸಮಯವೂ ಸಿಕ್ಕಿರುತ್ತದಲ್ಲ. ಭರವಸೆಯ ಲಕ್ಷಣ ಎನ್ನಬಹುದು, ಅದಕ್ಕಿಂತ ಹೆಚ್ಚು ಎಳೆಯಬಾರದು.

ಇನ್ನು ಲಸಿಕೆ. ಪೋಲಿಯೊ ಹನಿಯಂತೆ ಎಲ್ಲರಿಗೂ ಮುಂಚೆಯೇ ಹಾಕುವುದಲ್ಲ ಇದು. ಗಡ್ಡೆ ತೆಗೆದ ಮೇಲೆ ಮರಳದಿರಲಿ ಎಂದು ಕೊಡುವುದು. ಹಿಂದಿನ ತಲೆಮಾರಿನ ಎಷ್ಟೋ ಪ್ರಯೋಗಗಳು ಜಿಪಿ100ರಂಥ ಮನೆತನದ ಗುರುತನ್ನೇ ನಾಯಿಗೆ ಮೂಸಿಸಿದವು, ಫಲ ಅಷ್ಟಕ್ಕಷ್ಟೇ. ಮೊಡೆರ್ನಾ ಮತ್ತು ಮರ್ಕ್ ಕಂಪನಿಗಳು ಈಗ ಮಾಡುತ್ತಿರುವುದು ಬೇರೆ. ಆ ರೋಗಿಯ ಗಡ್ಡೆಯ ಜೀನುಗಳನ್ನೇ ಓದಿ, ಅದರಲ್ಲಿ ಮಾತ್ರ ಇರುವ, ಒಳ್ಳೆಯ ಕೋಶದಲ್ಲಿ ಇಲ್ಲದ 34ರವರೆಗಿನ ತಪ್ಪುಗಳನ್ನು ಆರಿಸಿ, ಪ್ರೋಟೀನ್ ಮಾಡಲು ಕೋಶಕ್ಕೆ ಹೇಳುವ ಸಂದೇಶವಾದ ಎಂಆರ್‌ಎನ್‌ಎಯಲ್ಲಿ ಬರೆಯುತ್ತಾರೆ. ಮಂಗ ಬಿಟ್ಟುಹೋದ ಕೂದಲನ್ನೇ ಮೂಸಿಸಿದ ಹಾಗೆ. 157 ರೋಗಿಗಳ ಪ್ರಯೋಗದ ಫಲಿತಾಂಶ 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪೆಂಬ್ರೊಲಿಜುಮ್ಯಾಬ್ ಜೊತೆ ಲಸಿಕೆಯನ್ನೂ ಪಡೆದವರಲ್ಲಿ ಹದಿನೆಂಟು ತಿಂಗಳ ಹೊತ್ತಿಗೆ ನೂರಕ್ಕೆ 79 ಮಂದಿ ಮರುಕಳಿಸದೆ ಉಳಿದಿದ್ದರು. ಪೆಂಬ್ರೊಲಿಜುಮ್ಯಾಬ್ ಮಾತ್ರ ಪಡೆದವರಲ್ಲಿ 62. ಇದು ಸಣ್ಣ ಪ್ರಯೋಗ. ದೊಡ್ಡ ಪ್ರಯೋಗ 2023ರಲ್ಲಿ ಶುರುವಾಯಿತು.

ಒಂದು ಕಹಿ ಮಾತನ್ನೂ ಹೇಳಬೇಕು. ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವ ಮೆಲನೋಮ ಬಿಸಿಲಿನಿಂದ ಬರುವುದಲ್ಲ. ಬಿಸಿಲಿಗೆ ಸುಟ್ಟ ಬಿಳಿಯರ ಚರ್ಮದಲ್ಲಿ ಹುಟ್ಟುವ ಗಡ್ಡೆಯಲ್ಲಿ ಜೀನಿನ ತಪ್ಪುಗಳು ರಾಶಿ ರಾಶಿ, ಅಂಗಾಲಿನದರಲ್ಲಿ ಕಡಿಮೆ. ಮೂಸಿಸಲು ಕೂದಲು ಕಡಿಮೆ ಸಿಕ್ಕ ಹಾಗೆ. ಆದ್ದರಿಂದ ಅಲ್ಲಿಯ ಲೆಕ್ಕವನ್ನು ಅಣ್ಣನವರ ಹಿಮ್ಮಡಿಗೆ ನೇರವಾಗಿ ಹಚ್ಚಬೇಡಿ.

ಕಾರವಾರದ ಸೋರಿಯಾಸಿಸ್ ಗಿರಾಕಿ:

ಅಕ್ಕೋರ ಕೊನೆಯ ಪ್ರಶ್ನೆಯನ್ನು ತೋಟದವರು ಬಿಟ್ಟುಬಿಟ್ಟರು. ನನಗೂ ಅದೇ ಬೇಕು. ಹದಿನೆಂಟು ವರ್ಷದಿಂದ ಮೊಣಕೈಯಲ್ಲಿ ಪೊರೆ ಉದುರಿಸುತ್ತಿದ್ದೇನೆ. ಬೈತಖೋಲ್ ಬಂದರಿನಲ್ಲಿ ನನ್ನ ಕೈ ನೋಡಿದ ಮೀನುಗಾರರು "ಹುರುಪೆ ತೆಗೆಯುವ ಕೆಲಸ ನಿನಗೇಕೆ, ನಿನ್ನದೇ ಉದುರುತ್ತಿದೆಯಲ್ಲ" ಎಂದು ನಗುತ್ತಾರೆ. ಮೈಯೇ ಮೈಯನ್ನು ತಿನ್ನುವ ನಮ್ಮಂಥವರನ್ನು ಈ ಪ್ರಯೋಗಗಳಿಗೆ ಸೇರಿಸಿಕೊಳ್ಳುತ್ತಾರೆಯೇ?

ಶಿರಸಿಯ ತೋಟದವನು:

ಬಿಟ್ಟದ್ದು ಹೌದು, ಅಡಿಕೆ ಸುಲಿಯುವವರು ಚಹಾಕ್ಕೆ ಕರೆದರು. ಪಿಡಿ-1 ಔಷಧಗಳ ಮೊದಲ ಪ್ರಯೋಗಗಳಿಂದ ನಿಮ್ಮಂಥವರನ್ನು ಹೆಚ್ಚಾಗಿ ಹೊರಗಿಟ್ಟರು. ಔಷಧ ಬಳಕೆಗೆ ಬಂದ ಮೇಲೆ ಡಾಕ್ಟರುಗಳು ಒಬ್ಬೊಬ್ಬರಿಗೆ ಕೊಟ್ಟು ಬರೆದಿಟ್ಟ ವರದಿಗಳೇ ಆಧಾರ. 2018ರಲ್ಲಿ ಅಂಥ 123 ರೋಗಿಗಳನ್ನು ಒಟ್ಟಿಗೆ ನೋಡಿದಾಗ ನೂರಕ್ಕೆ 75 ಮಂದಿಯಲ್ಲಿ ಹಳೆಯ ಕಾಯಿಲೆ ಕೆರಳಿತ್ತು ಅಥವಾ ಹೊಸ ಅಡ್ಡಪರಿಣಾಮ ಎದ್ದಿತ್ತು. ಆದರೆ ಹೆಚ್ಚಿನವರಿಗೆ ಔಷಧ ನಿಲ್ಲಿಸದೆಯೇ ನಿಭಾಯಿಸಲು ಸಾಧ್ಯವಾಯಿತು. ಸೋರಿಯಾಸಿಸ್ ಕೆರಳುವುದು ಸಾಮಾನ್ಯ. ಪ್ರಾಣದ ಪ್ರಶ್ನೆ ಬಂದಾಗ ಮೊಣಕೈಯ ಪೊರೆಯನ್ನು ಯಾರೂ ಅಡ್ಡಿ ಎಂದು ನೋಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಕ್ಕೋರೇ, ಗಡ್ಡೆಯ ತಪ್ಪುಗಳನ್ನಷ್ಟೇ ತೋರಿಸುವ ಲಸಿಕೆಗೆ ನಿಮ್ಮ ಬಣ್ಣದ ಕೋಶಗಳ ಮೇಲೆ ಹಗೆ ಇರಬೇಕಾಗಿಲ್ಲ. ಜೊತೆಗೆ ಕೊಡುವ ಸರಪಳಿ ಬಿಚ್ಚುವ ಔಷಧವೇ ನಿಮಗೆ ತುಂಟ. ಇನ್ನೊಂದು ಸಮಾಧಾನ: ಟೈರೊಸಿನೇಸ್ ಜೀನಿನ ಯಾವ ರೂಪ ತೊನ್ನಿಗೆ ದಾರಿ ಮಾಡುತ್ತದೋ ಅದೇ ರೂಪ ಇರುವವರಲ್ಲಿ ಮೆಲನೋಮ ಕಡಿಮೆ ಎಂದು 2010ರಲ್ಲಿ ಕಂಡುಬಂತು. ಅದು ಯುರೋಪ್ ಮೂಲದವರ ಲೆಕ್ಕ. ತೊನ್ನಿನ ಮದ್ದಿಗೂ ದಾರಿ ತೆರೆಯುತ್ತಿದೆ: ಟಿ-ಕೋಶಗಳನ್ನು ಕರೆತರುವ ಸಂಕೇತವನ್ನು ತಡೆಯುವ ರುಕ್ಸೊಲಿಟಿನಿಬ್ ಕ್ರೀಮಿಗೆ 2022ರಲ್ಲಿ ಅಮೆರಿಕದಲ್ಲಿ ತೊನ್ನಿಗೆಂದು ಒಪ್ಪಿಗೆ ಸಿಕ್ಕಿತು. ಎಂಆರ್‌ಎನ್‌ಎಯನ್ನೇ ತಿರುವುಮುರುವು ಮಾಡಿ, ನಾಯಿಗೆ "ಇದು ನಮ್ಮ ಕರು, ಕಚ್ಚಬೇಡ" ಎಂದು ಕಲಿಸುವ ಕೆಲಸವೂ ನಡೆದಿದೆ. 2021ರಲ್ಲಿ ಇಲಿಗಳಲ್ಲಿ, ಅದೂ ನರಗಳ ಕಾಯಿಲೆಯೊಂದರಲ್ಲಿ, ಅದು ಫಲ ಕೊಟ್ಟಿತು. ಇಲಿಯಿಂದ ಅಕ್ಕೋರವರೆಗೆ ದೂರ ಬಹಳ.

ಅಘನಾಶಿನಿ ಅಕ್ಕೋರು:

ಮೂವರಿಗೂ ನಮಸ್ಕಾರ. ಫೋಟೊ ಕಳಿಸಿದೆ. ಔಷಧದಿಂದಲೇ ಆದದ್ದು, ಸೂಜಿ ನಿಲ್ಲಿಸಬೇಕಾಗಿಲ್ಲ, ಬಿಸಿಲಿಗೆ ಕುತ್ತಿಗೆ ಮುಚ್ಚಿಕೊಳ್ಳಲಿ ಎಂದು ಡಾಕ್ಟರು ತಿಳಿಸಿದರು. ಅಣ್ಣ ಹೆಗಲ ಪಂಚೆಯನ್ನು ಕುತ್ತಿಗೆಗೆ ಸುತ್ತಿಕೊಂಡು ಈಗ ಯಕ್ಷಗಾನದ ಭಾಗವತರಂತೆ ಓಡಾಡುತ್ತಿದ್ದಾನೆ.

ನಾಯಿ, ಮಂಗನ ಕತೆಯನ್ನು ಅವನಿಗೆ ಓದಿ ಹೇಳಿದೆ. ಎಲ್ಲ ಕೇಳಿ, "ಹಾಗಾದರೆ ನಿನ್ನ ನಾಯಿಯನ್ನು ನಾಲ್ಕು ದಿನ ನನಗೆ ಎರವಲು ಕೊಟ್ಟಿದ್ದರೆ ಹಿತ್ತಲು ಉಳಿಯುತ್ತಿತ್ತಲ್ಲ" ಎಂದ. ಅತ್ತಿಗೆ ನಗಲಿಲ್ಲ. ಆದರೆ ಮರುದಿನ ಬಳಚಿನ ಸುಕ್ಕೆ ಮಾಡಿ ಒಂದು ಪಾತ್ರೆ ನಮ್ಮ ಮನೆಗೆ ಕಳಿಸಿದಳು.

ಮುಂದಿನ ಸೂಜಿ ಬುಧವಾರ. ಅತ್ತಿಗೆಯ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ಡಾಕ್ಟರ ಬಾಯಿಂದಲೇ ಕೇಳಲಿ.