ಎರಡು ಕ್ಯಾನ್ ಸಮುದ್ರ

ನಮ್ಮ ಆಡಿಟ್ ಆಫೀಸಿನ ಸಾಹೇಬರು ಹಲ್ಲು ಕೀಳಿಸಿಕೊಳ್ಳಲು ಹೋದವರು ವಾಪಸ್ ಬರುವಾಗ ಒಂದು ಆಸೆ ಹೊತ್ತು ತಂದರು. ಡಾಕ್ಟರ ವೇಟಿಂಗ್ ರೂಮಿನಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇತ್ತಂತೆ. ನಮ್ಮಲ್ಲೂ ಒಂದು ಇರಲಿ, ಆದರೆ ರಿಸೆಪ್ಷನ್ ಟೇಬಲ್ಲಿನ ಮೂಲೆಯಲ್ಲಿ ಹಿಡಿಸಬೇಕು ಅಂದರು. ಅಂದರೆ 40 ಲೀಟರ್. ಕುಡಿಯುವ ನೀರಿನ ಕ್ಯಾನ್ ಲೆಕ್ಕದಲ್ಲಿ ಎರಡೇ ಎರಡು.

ನಾಲ್ಕು ಗಂಟೆ ಟೀ ಹೊತ್ತಿಗೆ ಪ್ಯಾಂಟ್ರಿಯಲ್ಲಿ ಇದೇ ಮಾತು. ಶೆಟ್ರು ಎಂದಿನಂತೆ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಸಾಹೇಬರು ಬರುವುದು ಮೊದಲು ಕಾಣುವುದು ಅವರಿಗೇ. ರಾಯರು ಟೀ ಹಬೆ ಹತ್ತಿದ ಕನ್ನಡಕ ತೆಗೆದು ಒರೆಸುತ್ತಿದ್ದರು.

"ಉಪ್ಪುನೀರಿಗೆ ಎಂಥ ಚಿಂತೆ ಮಾರಾಯ್ರೆ? ಮಲ್ಪೆಯಲ್ಲಿ ನನ್ನ ಭಾವ ಇದ್ದಾರೆ, ಕ್ಯಾನಲ್ಲಿ ಕಳಿಸ್ತಾರೆ. ಜತೆಗೆ ನಾಲ್ಕು ಬಂಗುಡೆ" ಅಂದರು ಶೆಟ್ರು.

"ಬಂಗುಡೆ ತೊಟ್ಟಿಗೋ, ತವಾಕ್ಕೋ?" ಅಂದಳು ಸುಮಾ. ಅವಳ ಮನೆಯಲ್ಲಿ ಮೂರು ವರ್ಷದಿಂದ ಇಂಥದೊಂದು ತೊಟ್ಟಿ ಇದೆ. "ದಡದ ನೀರಲ್ಲಿ ಬೋಟಿನ ಡೀಸೆಲ್ ಇರುತ್ತೆ. ಮಳೆಗಾಲದಲ್ಲಿ ಹೊಳೆ ನೀರು ಸೇರಿ ಉಪ್ಪೂ ಕಡಿಮೆ. ಆರ್‌ಓ ನೀರಿಗೆ ಮರೈನ್ ಸಾಲ್ಟ್ ಕಲಸಬೇಕು. ಲೀಟರಿಗೆ ಸುಮಾರು 35 ಗ್ರಾಂ."

ರಾಯರು ತಕ್ಷಣ, "ಒಟ್ಟು ಒಂದು ಕಿಲೋ 400 ಗ್ರಾಂ. ಪ್ಯಾಂಟ್ರಿಯಲ್ಲಿ ಅಯೋಡಿನ್ ಉಪ್ಪು ಇದೆಯಲ್ಲ?"

"ರಾಯರೇ, ಅದು ಸಾರಿಗೆ. ಸಮುದ್ರದಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತೆ. ಅದೇ ಬೇಕು."

ಸಾರು ಅಂದದ್ದೇ ಒಳ್ಳೆಯದಾಯಿತು. ನೀರು ಆವಿಯಾದಷ್ಟೂ ತೊಟ್ಟಿಯ ಉಪ್ಪು ಏರುವುದು ರಾಯರ ತಲೆಗೆ ಹೋಗಿದ್ದು ಅದರಿಂದಲೇ. ಕುದ್ದು ಕುದ್ದು ಉಪ್ಪಾದ ಸಾರಿಗೆ ಯಾರಾದರೂ ಇನ್ನಷ್ಟು ಉಪ್ಪು ಹಾಕುತ್ತಾರಾ? ಬರೀ ಸಿಹಿನೀರು ಬೆರೆಸಬೇಕು, ದಿನಾ. ದೊಡ್ಡ ತೊಟ್ಟಿಯಲ್ಲಿ ಎರಡು ಲೋಟ ನೀರು ಹೋದರೆ ಮೀನಿಗೆ ಗೊತ್ತೇ ಆಗಲ್ಲ. ಪುಟ್ಟ ತೊಟ್ಟಿಯಲ್ಲಿ ಗೊತ್ತಾಗುತ್ತೆ. ಚಿಕ್ಕದು ಸುಲಭ ಅಂದುಕೊಂಡಿದ್ದೆವು, ಅದೇ ಕಷ್ಟದ್ದು.

"ಸರಿ, ಮೀನು ಯಾವತ್ತು?" ಅಂದೆ.

"ನಾಲ್ಕರಿಂದ ಆರು ವಾರ ಬಿಟ್ಟು. ಹಾಲಿಗೆ ಹೆಪ್ಪು ಹಾಕಿ ತಕ್ಷಣ ಮೊಸರನ್ನ ಕಲಸ್ತೀರಾ? ಮೀನಿನ ಗಲೀಜಿಂದ ಅಮೋನಿಯಾ ಬರುತ್ತೆ, ಅದು ವಿಷ. ಅದನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಕೂರಬೇಕು."

"ಅಲ್ಲೀವರೆಗೆ ಕ್ಲೈಂಟುಗಳು ಖಾಲಿ ತೊಟ್ಟಿ ನೋಡ್ತಾ ಕೂತಿರೋದಾ?"

"ರಿಫಂಡಿಗೆ ಕಾಯೋರಿಗೆ ಅದೆಲ್ಲ ಅಭ್ಯಾಸ ಉಂಟು" ಅಂದರು ಶೆಟ್ರು.

ಸಾಹೇಬರು ಪಟ್ಟಿ ಬೇರೆ ಕೊಟ್ಟಿದ್ದರು. ಕಿತ್ತಳೆ ಬಣ್ಣದ ಕ್ಲೌನ್ ಮೀನು, ಟಾಂಗ್ ಅನ್ನುವ ನೀಲಿ ಮೀನು, ಸಮುದ್ರಕುದುರೆ, ಹವಳ. ನೀಲಿ ಮೀನು ಒಂದಡಿವರೆಗೆ ಬೆಳೆಯುತ್ತೆ, ತೊಟ್ಟಿಯೇ ಒಂದೂವರೆ ಅಡಿ. ಹವಳ, ಸಮುದ್ರಕುದುರೆ ಎರಡೂ 1972ರ ವನ್ಯಜೀವಿ ಕಾಯ್ದೆಯಡಿ ಬರುತ್ತವೆ. ಕಲ್ಲೂ ಸಮುದ್ರದ್ದು ಬೇಡ, ಸೆರಾಮಿಕ್ಕಿನದೇ ಸಾಕು. ಊರವರ ಲೆಕ್ಕ ತಪಾಸಣೆ ಮಾಡುವ ಆಫೀಸಿಗೇ ಅರಣ್ಯ ಇಲಾಖೆಯವರು ಬಂದರೆ ಚೆನ್ನಾಗಿರಲ್ಲ, ಅಲ್ವಾ?

ಉಳಿದದ್ದು ಕ್ಲೌನ್ ಮೀನು. ಅದರ ಸಂಸಾರದ ಕತೆ ಕೇಳಿ ರಾಯರು ಟೀ ಕೆಳಗಿಟ್ಟರು. ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ಜೋರಿರುವುದು ಹೆಣ್ಣಾಗುತ್ತೆ. ಅದು ಸತ್ತರೆ ಗಂಡನೇ ಹೆಣ್ಣು.

"ಹಾಗಾದ್ರೆ ಮೇಲಿನ ಪೋಸ್ಟ್ ಖಾಲಿಯಾದ್ರೆ ಪ್ರಮೋಷನ್ನು!"

"ಹೌದು ರಾಯರೇ. ನಮ್ಮಲ್ಲಿ ಅದೂ ಇಲ್ಲ."

ಆದರೆ ಸುಮಾಳಿಗೆ ಬೇಕಾಗಿದ್ದದ್ದು ಬೇರೆ ಜೋಡಿ. ಒಂದು ಗೋಬಿ ಮೀನು, ಒಂದು ಪಿಸ್ತೂಲ್ ಸಿಗಡಿ. ಗೋಬಿ ಅಂದಾಗ ಶೆಟ್ರು ಮಂಚೂರಿ ಅಂದರು, ಬಿಡಿ. ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೇ, ಆದರೆ ಬಿಲ ತೋಡುವುದರಲ್ಲಿ ಪಕ್ಕಾ. ಒಳಗಿಂದ ಬುಲ್ಡೋಜರಿನಂತೆ ಮರಳು ತಳ್ಳಿಕೊಂಡು ಬರುತ್ತೆ, ಸುರಿಯುತ್ತೆ, ಮತ್ತೆ ಒಳಗೆ. ಹೊರಗೆ ಬಂದಾಗಲೆಲ್ಲ ಅದರ ಒಂದು ಮೀಸೆ ಗೋಬಿಯ ಮೈ ಮೇಲೇ. ಬಾಗಿಲಲ್ಲಿ ಕಾವಲು ಕೂತ ಗೋಬಿ ಬಾಲ ಅಲ್ಲಾಡಿಸಿತೋ, ಸಿಗಡಿ ಮಾಯ. ಅಪಾಯ ಹತ್ತಿರ ಬಂತೋ, ಗೋಬಿಯೂ ಅದರ ಹಿಂದೆಯೇ ಬಿಲಕ್ಕೆ. ಆ ಸಿಗಡಿ ಕೊಂಡಿ ಚಿಟಕಿಸಿದರೆ ಗಾಜು ಸೀಳಿದಂತೆ ಶಬ್ದ. ಸುಮಾಳ ಅಮ್ಮ ಮೊದಲ ರಾತ್ರಿ ಎದ್ದು ಕುಕ್ಕರ್ ನೋಡಿದ್ದರಂತೆ.

"ಎರಡು ಜೋಡಿನೂ ಹಾಕೋಣ" ಅಂದೆ.

"ಎರಡು ಕ್ಯಾನ್ ನೀರಲ್ಲಾ? ಒಂದೇ ಜೋಡಿ. ಜತೆಗೆ ಪಾಚಿ ತಿನ್ನೋಕೆ ಒಂದೆರಡು ಹರ್ಮಿಟ್ ಏಡಿ. ಅವಕ್ಕೆ ಖಾಲಿ ಚಿಪ್ಪು ಹೆಚ್ಚುವರಿ ಇಡಬೇಕು. ಬಾಡಿಗೆ ಮನೆ ಸಿಗದಿದ್ರೆ ಪಕ್ಕದ ಬಸವನಹುಳುವನ್ನೇ ಮುಗಿಸಿ ಮನೆ ಹಿಡೀತವೆ."

"ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ರೆ ನಾನೂ ಹಾಗೇ ಮಾಡ್ತಿದ್ದೆ" ಅಂದ ರಾಯರು, ಕನ್ನಡಕವಿಲ್ಲದೆ ಬಿಸ್ಕೆಟ್ ಡಬ್ಬಕ್ಕೆ ತಡಕಾಡುತ್ತಾ ಶೆಟ್ರ ತೋಳು ಹಿಡಿದುಕೊಂಡರು.

ಸುಮಾ ಅವರಿಬ್ಬರನ್ನೂ ನೋಡಿ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಶೆಟ್ರ ತೋಳು ಸಣ್ಣಗೆ ಅಲ್ಲಾಡಿತು.

ರಾಯರು ಬಿಸ್ಕೆಟ್ ಸಮೇತ ಮಾಯ. ಹಿಂದೆಯೇ ಶೆಟ್ರು. ಸಾಹೇಬರು ಒಳಗೆ ಬಂದಾಗ ನಾವಿಬ್ಬರೇ ಇದ್ದೆವು, ಕೈಯಲ್ಲಿ ಖಾಲಿ ಲೋಟ.