ಮೊದಲ ಪಿಸ್ತೂಲು: ಸ್ಟ್ರೈಕರ್ ತಗೊಳ್ಳಲಾ, ಹ್ಯಾಮರ್ ಇರುವುದಾ?

ಕೇಳಿದ್ದು: ಟೆಕ್ಸಾಸ್‌ನಲ್ಲಿದ್ದೇನೆ. ವೀಸಾದಲ್ಲಿದ್ದಾಗ ಈ ಯೋಚನೆ ಮಾಡಿರಲಿಲ್ಲ, ಈಗ ಗ್ರೀನ್ ಕಾರ್ಡ್ ಬಂತು. ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ ಒಂದು 9 ಎಂಎಂ ಬೇಕು. ಹೆಂಡತಿಯೂ ಕಲಿಯುತ್ತಾಳೆ. ವಾಲ್ಥರ್ ಪಿಡಿಪಿ ಇಷ್ಟವಾಯಿತು. ಆದರೆ ಫ್ರೇಮ್ (ಪಿಸ್ತೂಲಿನ ಮೈ) ಪ್ಲಾಸ್ಟಿಕ್ಕು. ಒಳಗೇ ಇದ್ದು ಗುಂಡಿಗೆ ಬಡಿಯುವ ಸೂಜಿ, ಅಂದರೆ ಸ್ಟ್ರೈಕರ್ ಮಾತ್ರ ಇದೆ. ಹಿಂಬದಿಯಲ್ಲಿ ಕಾಣುವ ಹ್ಯಾಮರ್ (ಬಡಿಯುವ ಸುತ್ತಿಗೆ) ಇಲ್ಲ, ಹೆಬ್ಬೆರಳಿಗೆ ಸಿಗುವ ಸೇಫ್ಟಿಯೂ ಇಲ್ಲ. ಅದೇ ಭಯ. ಬಳಸಿದವರು ಹೇಳಿ.

ಹ್ಯೂಸ್ಟನ್‌ನಿಂದ: ಪ್ಲಾಸ್ಟಿಕ್ ಫ್ರೇಮ್ ಬಗ್ಗೆ ಚಿಂತೆ ಬಿಡಿ. ಅದೇ ಥರದ ಗ್ಲಾಕ್ 17 ಆಸ್ಟ್ರಿಯಾ ಸೇನೆಗೆ ಸೇರಿದ್ದು 1982ರಲ್ಲಿ. ಸುಮಾರು 630 ಗ್ರಾಂ ತೂಕ, 17 ಗುಂಡು. ಹೊಸಬರಿಗೆ ದೊಡ್ಡ ಅನುಕೂಲ ಏನೆಂದರೆ, ಮೊದಲ ಗುಂಡಿಗೂ ಕೊನೆಯದಕ್ಕೂ ಟ್ರಿಗರ್ ಒಂದೇ ಥರ ಇರುತ್ತದೆ. ಒಳಗೆ ಸ್ಟ್ರೈಕರನ್ನು ತಡೆಯುವ ಸೇಫ್ಟಿ ಇದೆ. ಟ್ರಿಗರ್ ಎಳೆದರೆ ಮಾತ್ರ ಅದು ಸರಿಯುತ್ತದೆ. ಹಾಗಂತ ಎಲ್ಲ ಮಾಡೆಲ್ಲೂ ಒಂದೇ ಅಲ್ಲ. ಇನ್ನೊಂದು ಸ್ಟ್ರೈಕರ್ ಪಿಸ್ತೂಲು ಸಿಗ್ ಪಿ320 ಅಮೆರಿಕ ಸೇನೆಗೆ ಆಯ್ಕೆಯಾದದ್ದು 2017ರಲ್ಲಿ. ಕೆಳಗೆ ಬಿದ್ದರೆ ಗುಂಡು ಹಾರುತ್ತದೆ ಎಂಬ ದೂರು ಬಂದು, ಅದೇ ವರ್ಷ ಕಂಪನಿ ಒಳಗಿನ ಭಾಗ ಬದಲಿಸಿಕೊಡಲು ಮುಂದಾಯಿತು.

ನನಗೆ ಹೆದರಿಕೆ ಆದದ್ದು ಹೋಲ್‌ಸ್ಟರ್‌ನಿಂದ (ಸೊಂಟದಲ್ಲಿ ಪಿಸ್ತೂಲು ಇಡುವ ಒರೆ). ಚಳಿಗಾಲ. ಜಾಕೆಟ್ಟಿನ ದಾರದ ತುದಿಯ ಪ್ಲಾಸ್ಟಿಕ್ ಮಣಿ ಹೋಲ್‌ಸ್ಟರ್ ಬಾಯಲ್ಲಿ ಕೂತಿತ್ತು. ಪಿಸ್ತೂಲು ಇಳಿಸುವಾಗ ಏನೋ ತಡೆದಂತಾಯಿತು, ಕೈ ನಿಲ್ಲಿಸಿದೆ. ಒತ್ತಿದ್ದರೆ ಅದು ಟ್ರಿಗರನ್ನೇ ಎಳೆಯುತ್ತಿತ್ತು. ಅವತ್ತಿನಿಂದ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಮಾತ್ರ. ಇಳಿಸುವಾಗ ಕಣ್ಣಲ್ಲಿ ನೋಡಿಯೇ ಇಳಿಸುತ್ತೇನೆ.

ನ್ಯೂಜೆರ್ಸಿಯಿಂದ: ಇದಕ್ಕೇ ನಾನು ಹ್ಯಾಮರ್ ಬಿಟ್ಟಿಲ್ಲ. ಬೆರೆಟ್ಟಾ 92 ಇಳಿಸುವಾಗ ಹೆಬ್ಬೆರಳು ಹ್ಯಾಮರ್ ಮೇಲೆ ಇಟ್ಟುಕೊಂಡರೆ ಸಾಕು, ಟ್ರಿಗರಿಗೆ ಏನಾದರೂ ಸಿಕ್ಕರೆ ಬೆರಳಿಗೇ ಗೊತ್ತಾಗುತ್ತದೆ. ತೂಕ ಜಾಸ್ತಿ, ಸುಮಾರು 950 ಗ್ರಾಂ. ಆದರೆ ಒದೆತ ಕಡಿಮೆ. ಟ್ರಿಗರಿನ ಮೊದಲ ಎಳೆತ ಗಟ್ಟಿ, ಅದನ್ನು ಕಲಿಯೋಕೆ ನನಗೆ ತಿಂಗಳುಗಳೇ ಬೇಕಾದವು, ಒಪ್ಪುತ್ತೇನೆ.

ನಮ್ಮದು ಕೊಡಗು. ಕೈಲ್ ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವ ಮನೆ. ಅಜ್ಜ ಕೋವಿಯನ್ನು ಮಡಚಿ, ನಳಿಗೆ ಖಾಲಿ ಎಂದು ತೋರಿಸಿಯೇ ಕೈಗೆ ಕೊಡುತ್ತಿದ್ದರು. ನೀವೂ ಹಾಗೇ ಮಾಡಿ. ಸ್ವಚ್ಛ ಮಾಡಲು ಗ್ಲಾಕ್, ಪಿಡಿಪಿ ಎರಡನ್ನೂ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು. ಮೊದಲು ಮ್ಯಾಗಜೀನ್ (ಗುಂಡು ತುಂಬಿದ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಈ ಕ್ರಮ ತಪ್ಪಿದರೆ ಗುಂಡು ಚೇಂಬರಿನಲ್ಲೇ ಉಳಿಯುತ್ತದೆ.

ಅಟ್ಲಾಂಟಾದಿಂದ: ನಿಮ್ಮ ಹೆಂಡತಿಯ ಕೈ ಅಳತೆ ಯಾರೂ ಕೇಳಲಿಲ್ಲ ಅಲ್ವಾ? ನನ್ನ ಕೈ ಚಿಕ್ಕದು. ಗಂಡನ ಪಿಸ್ತೂಲಿನಲ್ಲಿ ಬೆರಳ ತುದಿ ಟ್ರಿಗರಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ಗುರಿ ಯಾವಾಗಲೂ ಎಡಕ್ಕೆ. ಹಿಡಿತ ಸಡಿಲವಾದ್ದರಿಂದ ಹೊಡೆದ ಗುಂಡಿನ ಖಾಲಿ ಕೇಸು (ಕವಚ) ಸ್ಲೈಡಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಪಾಲಿಮರ್ (ಪ್ಲಾಸ್ಟಿಕ್) ಫ್ರೇಮ್ ಹಗುರ, ಮಣಿಕಟ್ಟು ಬಿಗಿ ಇಲ್ಲದಿದ್ದರೆ ಹೀಗಾಗುತ್ತದೆ. ಪಿಸ್ತೂಲೇ ಕೆಟ್ಟಿದೆ ಅಂತ ಸುಮ್ನೆ ಬೈದುಕೊಂಡಿದ್ದೆ. ಪಿಡಿಪಿಯಲ್ಲಿ ಎಫ್ ಸೀರೀಸ್ ಇದೆ, ಹಿಡಿ ಸಣ್ಣದು, ಸ್ಲೈಡ್ ಎಳೆಯುವುದೂ ಸಲೀಸು. ನನಗೆ ಅದೇ ಕೂತಿತು. ಇಬ್ಬರೂ 50 ಗುಂಡು ಹೊಡೆದು ನೋಡದೆ ದುಡ್ಡು ಕೊಡಬೇಡಿ.

ಕೇಳಿದವರು: ಹೋಲ್‌ಸ್ಟರ್ ವಿಷಯ ತಲೆಗೇ ಬಂದಿರಲಿಲ್ಲ. ಶನಿವಾರ ಪಿಡಿಪಿ ಎಫ್, ಗ್ಲಾಕ್ 17, ಬೆರೆಟ್ಟಾ ಮೂರನ್ನೂ ಬಾಡಿಗೆಗೆ ಹೊಡೆದು ನೋಡುತ್ತೇವೆ. ಮಗನಿಗೆ 6 ವರ್ಷ. ಲಾಕ್ ಇರುವ ಪೆಟ್ಟಿಗೆ ಇವತ್ತೇ ಆರ್ಡರ್ ಮಾಡಿದೆ.